ಖುಷಾಲಿಯ ವಿರುದ್ಧಾರ್ಥಕ ಬರೆಯಿರಿ

ಹತ್ತನೇ ಇಯತ್ತೆಯ ಪರೀಕ್ಷೆ ಹತ್ತಿರ ಬಂತೆಂದರೆ ಬೆಳಗಾವಿ ಜಿಲ್ಲೆಯ ಶೇಡಬಾಳದಂಥ ಊರಿನ ಜೆರಾಕ್ಸ್ ಅಂಗಡಿಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಮಹಾಗ್ರಂಥ ಬಿಸಿಬಿಸಿಯಾಗಿ ಹೊರಬೀಳುತ್ತದೆ. ಅದರಲ್ಲಿ ಎಡಕ್ಕೊಂದು ಪದ, ಬಲಕ್ಕೆ ಅದರ ಸಮಾನಾರ್ಥಕ. ಹಾಳೆ ತಿರುವಿದರೆ ಎಡಕ್ಕೊಂದು ಪದ, ಬಲಕ್ಕೆ ವಿರುದ್ಧಾರ್ಥಕ. ಅಡವಿ ಎಂದರೆ ಕಾಡು, ವನ, ವಿಪಿನ, ಕಾನನ. ಕಣ್ಣು ಹಾಯುವಷ್ಟು ದೂರ ಕಬ್ಬೇ ಕಾಣುವ ಊರಿನ ಹುಡುಗ ವಿಪಿನವನ್ನು ಬಾಯಿಪಾಠ ಮಾಡುತ್ತಾನೆ. ಅಕಸ್ಮಾತ್ ಪ್ರಶ್ನೆಪತ್ರಿಕೆಯಲ್ಲಿ ವಿಪಿನದ ಬದಲು ಗಹನ ಬಂದರೆ ಮುಗಿಯಿತು, ಇಡೀ ಕಾಡೇ ಕಡಿದುಹೋದಂತೆ.

‘ಪದವನ್ನು ಒಂಟಿಯಾಗಿ ಕಲಿಸಬೇಡಿ, ವಾಕ್ಯ ಕೊಡಿ, ಅಕ್ಕಪಕ್ಕದ ಪದಗಳೇ ಅರ್ಥ ಬಿಟ್ಟುಕೊಡುತ್ತವೆ’ ಎಂದು ಶಿಕ್ಷಕರ ತರಬೇತಿಗಳಲ್ಲಿ ಹೇಳುತ್ತಾರೆ. ತರಬೇತಿಗೆ ಹೋದವರು ಆ ಮಾತನ್ನು ಶ್ರದ್ಧೆಯಿಂದ ನೋಟ್ಸ್ ಬರೆದುಕೊಂಡು ಬರುತ್ತಾರೆ. ಮರುದಿನ ಮಕ್ಕಳಿಂದ ಆ ನೋಟ್ಸನ್ನೇ ಬಾಯಿಪಾಠ ಮಾಡಿಸುತ್ತಾರೆ.

ಇದೇ ಹುಡುಗನನ್ನು ಮಹಾರಾಷ್ಟ್ರದ ಮಿರಜಿನ ಬಸ್ಸು ಹತ್ತಿಸಿ ನೋಡಿ. ಕಂಡಕ್ಟರ್ ‘ಖಾಲಿ ಬಸಾ’ ಎಂದು ಗದರಿದರೆ ಬೆಂಗಳೂರಿನ ಭಾಷಾತಜ್ಞರು ಖಾಲಿ ಸೀಟು ಹುಡುಕುತ್ತಾ ನಿಂತೇ ಮಿರಜ್ ಮುಟ್ಟುತ್ತಾರೆ. ನಮ್ಮ ಹುಡುಗ ಕಂಡಕ್ಟರನ ಕೈ ಯಾವ ಕಡೆ ತೋರಿಸಿತು ಎಂದು ನೋಡಿ ತಣ್ಣಗೆ ಕೆಳಗೆ ಕೂರುತ್ತಾನೆ. ಮರಾಠಿಯವರ ಖಾಲಿ ಎಂದರೆ ಕೆಳಗೆ, ನಮ್ಮ ಖಾಲಿ ಎಂದರೆ ಬರಿದು. ಅವರಿಗೆ ರಾಗ ಬಂದರೆ ಸಿಟ್ಟು, ನಮಗೆ ರಾಗ ಬಂದರೆ ಹಾಡು; ಗಾಯಕ ಅಬ್ದುಲ್ ಕರೀಂ ಖಾನರು ಬಾಳಿದ ಮಿರಜಿನಲ್ಲಿ ಯಾವುದು ಬಂತೆಂದು ಎದುರಿಗಿದ್ದವರ ಮುಖ ನೋಡಿಯೇ ತಿಳಿಯಬೇಕು. ಅವರ ಸಾಲ್ ಎಂದರೆ ವರ್ಷ, ನಮ್ಮ ಸಾಲ ಎಂದರೆ ಸಾಲವೇ. ಕಬ್ಬು ಬೆಳೆಯುವವನ ಮನೆಯಲ್ಲಿ ಮಾತ್ರ ಇವೆರಡೂ ಅಪ್ಪಟ ಸಮಾನಾರ್ಥಕ. ಇದನ್ನೆಲ್ಲ ಅವನಿಗೆ ಯಾವ ಮಾಸ್ತರರೂ ಕಲಿಸಿಲ್ಲ, ಅದಕ್ಕೇ ಬರುತ್ತದೆ.

ಈ ವಿದ್ಯೆಯಲ್ಲಿ ಪದವಿ ಸಿಗುವುದು ಕಬ್ಬಿನ ಹಂಗಾಮಿನಲ್ಲಿ. ಮಹಾರಾಷ್ಟ್ರದ ಬೀಡ ಕಡೆಯಿಂದ ಕಟಾವಿನ ಗ್ಯಾಂಗು ಬಂದಿಳಿಯುತ್ತದೆ. ‘ಎಷ್ಟು ಕೊಯ್ತಾ ಬಂದಾವ?’ ಎಂದು ಕೇಳಿದರೆ ಕುಡುಗೋಲು ಎಣಿಸಲು ಹೋಗಬೇಡಿ. ಒಂದು ಕೊಯ್ತಾ ಎಂದರೆ ಗಂಡ-ಹೆಂಡತಿ ಇಬ್ಬರೂ. ಒಬ್ಬರೇ ಬಂದರೆ ಅರ್ಧ ಕೊಯ್ತಾ. ಕಂಕುಳಲ್ಲಿರುವ ಕೂಸು ಯಾವ ಲೆಕ್ಕಕ್ಕೂ ಇಲ್ಲ. ಕನ್ನಡದಲ್ಲಿ ದ್ವಿವಚನ ಇಲ್ಲವೆಂದು ವ್ಯಾಕರಣದ ಪುಸ್ತಕ ಹೇಳುತ್ತದೆ; ಬರೆದವರು ಕಬ್ಬಿನ ಹೊಲಕ್ಕೆ ಬಂದಿರಲಿಕ್ಕಿಲ್ಲ.

ಕಬ್ಬಿಗೆ ಕೊಯ್ತಾ ತಾಗುವ ಮೊದಲು ಇನ್ನೊಂದು ಪದ ಬರುತ್ತದೆ: ಖುಷಾಲಿ. ಪ್ಯಾಕೇಜಿನ ಪ್ರಕಾರ ಸಂತೋಷ, ಆನಂದ, ಹರ್ಷ. ಹೊಲದ ಬದುವಿನ ಮೇಲೆ ಅದರ ಅರ್ಥ, ಎಕರೆಗೆ ಇಷ್ಟು ನಗದು ಇಡದಿದ್ದರೆ ಕಬ್ಬು ನಿಂತಲ್ಲೇ ಒಣಗುತ್ತದೆ ಎಂದು. ಪಡೆಯುವವನಿಗೆ ಸಮಾನಾರ್ಥಕ, ಕೊಡುವವನಿಗೆ ವಿರುದ್ಧಾರ್ಥಕ; ಒಂದೇ ಪದ, ಒಂದೇ ನೋಟು, ಎರಡು ಕೈ. ಪಡೆಯುವವನ ಖುಷಿಯೂ ಬಹಳ ಹೊತ್ತಿನದಲ್ಲವೆನ್ನಿ. ಗ್ಯಾಂಗಿನ ಮುಕಾದಮನ ಹತ್ತಿರ ಎತ್ತಿದ ಉಚಲ್ ಎಂಬ ಮುಂಗಡ ತೀರುವವರೆಗೆ ಆ ಕೊಯ್ತಾ ಅವನದೇ. ಆಮೇಲೆ ಟ್ರ್ಯಾಕ್ಟರ್ ಡ್ರೈವರನ ‘ಎಂಟ್ರಿ’. ಎಂಟ್ರಿ ಎಂದರೆ ಪ್ರವೇಶ ಎಂದು ಇಂಗ್ಲಿಷ್ ಮಾಧ್ಯಮದ ಮೊಮ್ಮಗ ಅಜ್ಜನಿಗೆ ಹೇಳಿಕೊಡುತ್ತಾನೆ. ಅಜ್ಜ ಧೋತರದ ಗಂಟು ಬಿಚ್ಚುತ್ತಾ ತಲೆಯಾಡಿಸುತ್ತಾನೆ.

ಇನ್ನು ಕಬ್ಬಿನ ದರ. ಕೇಂದ್ರ ಸರ್ಕಾರ ಇಟ್ಟ ಹೆಸರೇ ‘ನ್ಯಾಯಯುತ ಮತ್ತು ಲಾಭದಾಯಕ ದರ’. 2025-26ರ ಹಂಗಾಮಿಗೆ ಶೇಕಡಾ 10.25 ಸಕ್ಕರೆ ರಿಕವರಿ ಇದ್ದರೆ ಟನ್ನಿಗೆ 3,550 ರೂಪಾಯಿ. ಅದರಲ್ಲಿ ಕಟಾವು ಮತ್ತು ಸಾಗಾಣಿಕೆ ವಜಾ. ಪದ ಅರ್ಥವಾಗದಿದ್ದರೆ ಸಂದರ್ಭ ನೋಡಬೇಕು ಎಂದು ತರಬೇತಿಯಲ್ಲಿ ಹೇಳಿದರಲ್ಲ, ನೋಡೋಣ. 2025ರ ನವೆಂಬರಿನಲ್ಲಿ ಇದೇ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳುತ್ತಾ ರಸ್ತೆಯ ಮೇಲೆ ಕೂತರು, ರಾಜ್ಯ ಸರ್ಕಾರ 3,300 ಎಂದು ಘೋಷಿಸಿದ ಮೇಲೆ ಎದ್ದರು. ನ್ಯಾಯವೂ ಲಾಭವೂ ಕೂಡಿ ಬರುವ ದರ ಕೈಗೆ ಸಿಗುತ್ತಿದ್ದರೆ ಚಳಿಯಲ್ಲಿ ರಸ್ತೆಯ ಮೇಲೆ ಮಲಗುವುದು ಯಾವ ಶೋಕಿ? ಏಳನೇ ಇಯತ್ತೆಯ ಮಗುವೂ ಈ ಸುಳಿವು ಹಿಡಿಯುತ್ತದೆ.

‘ಹದಿನಾಲ್ಕು ದಿನ’ ಎಂಬುದು ಇನ್ನೂ ಸ್ವಾರಸ್ಯ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆ ಮುಟ್ಟಿದ ಹದಿನಾಲ್ಕು ದಿನದೊಳಗೆ ಬಿಲ್ಲು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಇಲ್ಲಿ ಹದಿನಾಲ್ಕು ಸಂಖ್ಯಾವಾಚಕವೆಂದು ಮಾಸ್ತರರು ಹೇಳಿದರೆ ನಂಬಬೇಡಿ. ಅದು ಭಾವವಾಚಕ. ರಾಮನ ವನವಾಸಕ್ಕೂ ಹದಿನಾಲ್ಕೇ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ.

ಇಂಥ ಪದಗಳನ್ನು ಹಿಡಿಯುವ ಬಲೆ ಶೇಡಬಾಳದಲ್ಲೇ ಇದೆ, ಹಾಸನಕ್ಕೋ ಹಂಪಿಗೋ ಹೋಗಬೇಕಿಲ್ಲ. ಪ್ರಾಕೃತದ ಪರವಾಗಿ ದೇಶ ತುಂಬ ಮಾತಾಡಿದ ಜೈನ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಊರು ಇದು. ಇನ್ನೊಬ್ಬ ಜೈನ ಆಚಾರ್ಯ ಶಾಂತಿಸಾಗರರ ಹೆಸರಿನ ಆಶ್ರಮ ಇರುವ ಊರು. ಜೈನ ಪಾಠಶಾಲೆಗಳಲ್ಲಿ ಓದಿಸುತ್ತಿದ್ದ ಧನಂಜಯ ಕವಿಯ ‘ನಾಮಮಾಲಾ’ ಸಮಾನಾರ್ಥಕಗಳದೇ ಕೋಶ. ಆದರೆ ಧನಂಜಯ ಪ್ಯಾಕೇಜ್ ಬರೆದವನಲ್ಲ, ಪದ ಹುಟ್ಟಿಸುವ ಉಪಾಯ ಹೇಳಿದ. ಭೂಮಿಯ ಯಾವ ಹೆಸರಿಗಾದರೂ ‘ಧರ’ ಸೇರಿಸಿ, ಬೆಟ್ಟ. ‘ಪತಿ’ ಸೇರಿಸಿ, ರಾಜ. ‘ರುಹ’ ಸೇರಿಸಿ, ಮರ. ಇದನ್ನು ನಮ್ಮ ಬೆಳೆಗೆ ಹಚ್ಚಿ ನೋಡಿ: ಇಕ್ಷುಧರ ಎಂದರೆ ಡಬಲ್ ಟ್ರೇಲರಿನ ಟ್ರ್ಯಾಕ್ಟರು, ಇಕ್ಷುಪತಿ ಎಂದರೆ ಮುಂದಿನ ಚುನಾವಣೆಯ ಅಭ್ಯರ್ಥಿ, ಇಕ್ಷುರುಹ ಎಂದರೆ ಸೊಸೈಟಿಯ ಸಾಲ. ಅದೇ ಧನಂಜಯ ‘ದ್ವಿಸಂಧಾನ’ ಎಂಬ ಕಾವ್ಯ ಬರೆದ. ಅದರಲ್ಲಿ ಒಂದೇ ಪದ್ಯವನ್ನು ಒಂದು ರೀತಿ ಓದಿದರೆ ರಾಮಾಯಣ, ಇನ್ನೊಂದು ರೀತಿ ಓದಿದರೆ ಮಹಾಭಾರತ. ಕರ್ನಾಟಕ-ಮಹಾರಾಷ್ಟ್ರ ಗಡಿ ವಿಚಾರದಲ್ಲಿ ಮಂತ್ರಿಗಳು ಕೊಡುವ ಹೇಳಿಕೆಗಳಿಗೆ ಆದಿಕವಿ ಅವನೇ ಇರಬೇಕು. ಆ ಗಡಿಯ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ನಮ್ಮವರು ‘ಅದೇ ಅಂತಿಮ’ ಎಂದರು, ಆಯೋಗ ಬೇಕೆಂದು ಹಟ ಹಿಡಿದಿದ್ದ ಮಹಾರಾಷ್ಟ್ರದವರು ಒಲ್ಲೆ ಎಂದರು, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಂತಿಮದ ವಿರುದ್ಧಾರ್ಥಕ ‘ಆರಂಭ’ ಎಂದು ಪ್ಯಾಕೇಜು ಹೇಳುತ್ತದೆ. ಗಡಿಯಲ್ಲಿ ಅದು ಸಮಾನಾರ್ಥಕ.

ಧನಂಜಯನಿಗಿಂತ ಹಿಂದೆಯೇ ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಮೊದಲ ಅಧ್ಯಾಯದಲ್ಲೇ ಈ ಪದಗಳ ಗೊಂದಲಕ್ಕೆ ಮದ್ದು ಅರೆದಿದ್ದಾರೆ. ಒಂದು ಪದ ಯಾವ ಅರ್ಥದಲ್ಲಿ ಬಂದಿದೆ ಎಂದು ನಿಶ್ಚಯಿಸಲು ನಾಲ್ಕು ನಿಕ್ಷೇಪ: ನಾಮ, ಸ್ಥಾಪನೆ, ದ್ರವ್ಯ, ಭಾವ. ಹೆಸರಿಗಷ್ಟೇ ಇಂದ್ರ, ಕಲ್ಲಲ್ಲಿ ಕಡೆದ ಇಂದ್ರ, ಮುಂದೆ ಆಗಲಿರುವ ಇಂದ್ರ, ಈಗ ಸ್ವರ್ಗ ಆಳುತ್ತಿರುವ ಇಂದ್ರ. ಕಬ್ಬಿನ ಬಿಲ್ಲಿಗೆ ಇದು ಅಳತೆ ತೆಗೆದು ಹೊಲಿದ ಅಂಗಿ. ಭಾಷಣದಲ್ಲಿ ಬರುವುದು ನಾಮ. ಆಚಾರ್ಯರು ನಾಮವನ್ನೇ ಮೊದಲಿಗಿಟ್ಟದ್ದು ಎಂಥ ದೂರದೃಷ್ಟಿ. ಕಾಟಾದ ಚೀಟಿಯ ಮೇಲೆ ಅಚ್ಚಾದದ್ದು ಸ್ಥಾಪನೆ, ಪೂಜೆಗೆ ಬರುತ್ತದೆ, ಕಿರಾಣಿ ಅಂಗಡಿಗೆ ಬರುವುದಿಲ್ಲ. ‘ಬರೋದೈತಿ’ ಎನ್ನುವುದು ದ್ರವ್ಯ. ಹೆಸರು ದ್ರವ್ಯವಾದರೂ ಅದರಲ್ಲಿ ದುಡ್ಡಿಲ್ಲ. ಖಾತೆಗೆ ಜಮಾ ಆದದ್ದು ಭಾವ. ಭಾವ ಬರುವವರೆಗೆ ಉಳಿದ ಮೂರನ್ನೇ ಉಂಡು ಬದುಕುವುದಕ್ಕೆ ಹಂಗಾಮು ಎನ್ನುತ್ತಾರೆ.

ಪಟ್ಟಿ ಬಿಟ್ಟು ಹೀಗೆ ವಾಕ್ಯದಲ್ಲೇ ಕಲಿಸಿದರೆ ಹೇಗೆ ಎಂದು ಈ ಭಾಗದ ಒಬ್ಬ ಕನ್ನಡ ಮಾಸ್ತರರ ಮುಂದೆ ಮಾದರಿ ಪ್ರಶ್ನೆ ಇಟ್ಟೆ. ‘ಕಾರ್ಖಾನೆಯವರು ಬಿಲ್ಲನ್ನು ಶೀಘ್ರ ಪಾವತಿಸುವುದಾಗಿ ತಿಳಿಸಿದರು, ರೈತನು ಮಗಳ ಲಗ್ನವನ್ನು ಮುಂದಿನ ವರ್ಷಕ್ಕೆ ಹಾಕಿದನು. ಇಲ್ಲಿ ಶೀಘ್ರ ಎಂಬ ಪದದ ಅರ್ಥವೇನು?’

ಮಾಸ್ತರರು ಚಷ್ಮಾ ಏರಿಸಿ ಎರಡು ಸಲ ಓದಿದರು. ‘ಪ್ರಶ್ನೆ ಅಗದೀ ಬರೋಬ್ಬರಿ ಐತ್ರೀ ಸರ. ನಮ್ಮ ಹುಡುಗ್ರು ಒಬ್ಬರೂ ತಪ್ಪಂಗಿಲ್ಲ. ಆದ್ರ ಬೋರ್ಡಿನವ್ರ ಕೀ ಉತ್ತರದಾಗ “ಬೇಗನೆ” ಅಂತ ಇರತೈತಿ. ಇಡೀ ಸಾಲಿ ಫೇಲ್ ಆಗತೈತ್ರಿ.’