ಹೋದವನು ದ್ರೋಹಿ, ಬಂದವನು ನಮ್ಮವನು

ಹೈದರಾಬಾದಿನ ಬಾಲಾನಗರದಲ್ಲಿ ಮೂಲ ನಿವಾಸಿಗಳು ಇಲ್ಲವೆಂದಲ್ಲ, ಹುಡುಕಬೇಕು ಅಷ್ಟೆ. 1960ರ ದಶಕದಲ್ಲಿ ಇಲ್ಲಿಗೆ ಔಷಧ ಕಾರ್ಖಾನೆ ಐಡಿಪಿಎಲ್ ಬಂತು, ಬೆಂಗಳೂರಿನ ಎಚ್‌ಎಎಲ್‌ ತನ್ನದೊಂದು ಘಟಕ ತೆರೆಯಿತು. ಬೆನ್ನಿಗೇ ಲೇತ್ ಮಷೀನಿನ ಶೆಡ್ಡುಗಳು, ಶೆಡ್ಡುಗಳಿಗೆ ನಾಲ್ಕೂ ದಿಕ್ಕಿನಿಂದ ಜನ. ಇಡೀ ಏರಿಯಾವೇ ಊರು ಬಿಟ್ಟು ಬಂದವರದು. ಎರಡು ಸಾವಿರ ಹೆಚ್ಚು ಸಿಗುತ್ತದೆಂದರೆ ಸೋಮವಾರ ಬೆಳಿಗ್ಗೆ ಪಕ್ಕದ ಗೇಟಿನಲ್ಲಿ ಹಾಜರಿ ಹಾಕುವವರದು. ಅಂಥ ಬಾಲಾನಗರದಲ್ಲಿ, ಐಪಿಎಲ್ ಹರಾಜು ನಡೆದ 2024ರ ನವೆಂಬರ್ 24ರ ಸಂಜೆ, ಬೌಲರ್ ಮೊಹಮ್ಮದ್ ಸಿರಾಜ್ ದ್ರೋಹಿಯಾದ.

ತೀರ್ಪು ಕೊಟ್ಟವರು ನಮ್ಮ ಕನ್ನಡದ ಮಹನೀಯರೊಬ್ಬರು. ಹುಟ್ಟಿದ್ದು ಬೀದರ್ ಕಡೆ, ರೇಷನ್ ಕಾರ್ಡು ತೆಲಂಗಾಣದ್ದು, ಪ್ರಾಣ ಆರ್‌ಸಿಬಿಯದು. ಇದುವರೆಗೆ ಮೂರು ಕಂಪನಿ ಬದಲಿಸಿದ್ದಾರೆ. ಮೂರನೆಯದಕ್ಕೆ ಹಾರುವಾಗ ನೋಟಿಸ್ ಅವಧಿಯನ್ನೂ ಮುಗಿಸಲಿಲ್ಲ.

"ಏಳು ವರ್ಷ ನಮ್ಮ ಅನ್ನ ಉಂಡಾನ್ರೀ. ಈಗ ಗುಜರಾತಿಗೆ ಹೊಂಟಾನ. ಅವಗ ನಾವು ಏನ್ ಕಮ್ಮಿ ಮಾಡಿದ್ವಿ ಹೇಳ್ರಿ?"

"ಹನ್ನೆರಡೂಕಾಲು ಕೋಟಿ" ಎಂದೆ.

"ರೊಕ್ಕದ ಮಾತಲ್ರೀ, ಪ್ರೀತಿ!"

ಪ್ರೀತಿಯ ಲೆಕ್ಕವೂ ಇದೆಯಲ್ಲ. 2019ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಕೋಲ್ಕತ್ತದ ಮೇಲೆ ಸಿರಾಜ್ ಎರಡು ಬೀಮರ್ ಎಸೆದ, ಅಂಪೈರ್ ಬೌಲಿಂಗ್ ನಿಲ್ಲಿಸಿಬಿಟ್ಟರು, ಆಂಡ್ರೆ ರಸೆಲ್ 13 ಎಸೆತಗಳಲ್ಲಿ 48 ಚಚ್ಚಿ ಗೆಲ್ಲಿಸಿಕೊಂಡು ಹೋದ. 'ಕ್ರಿಕೆಟ್ ಬಿಡು, ಅಪ್ಪನ ಜೊತೆ ಆಟೊ ಓಡಿಸು' ಎಂದು ಆ ದಿನಗಳಲ್ಲಿ ಜನ ಬೈದದ್ದನ್ನು ಸಿರಾಜನೇ ಆಮೇಲೆ ಹೇಳಿಕೊಂಡಿದ್ದಾನೆ. ಅಪ್ಪ ಹೈದರಾಬಾದಿನಲ್ಲಿ ನಿಜಕ್ಕೂ ಆಟೊ ಓಡಿಸಿಯೇ ಮಗನನ್ನು ಬೆಳೆಸಿದವರು. ಮರುವರ್ಷ ಅಬುಧಾಬಿಯಲ್ಲಿ ಅದೇ ಕೋಲ್ಕತ್ತದ ಮೇಲೆ ಎರಡು ಮೇಡನ್, ಎಂಟು ರನ್ನಿಗೆ ಮೂರು ವಿಕೆಟ್. ಆಟೊ ಹತ್ತಿಸಿದ್ದ ಬಾಯಿಗಳೇ ಅಂದು ತಲೆಯ ಮೇಲೆ ಹತ್ತಿಸಿಕೊಂಡವು.

ಇನ್ನು ಅವನು 'ಹೋದ' ಎಂಬ ಪುರಾಣ. ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು: ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್. ಹರಾಜಿನಲ್ಲಿ ಹಳಬರನ್ನು ಮರಳಿ ಕರೆದುಕೊಳ್ಳಲು ಮೂರು ಕಾರ್ಡು ಕೈಯಲ್ಲಿದ್ದವು. ಸಿರಾಜ್ ಹೆಸರು ಬಂದಾಗ ಕಾರ್ಡು ಮೇಲೇಳಲಿಲ್ಲ. ಸ್ವಪ್ನಿಲ್ ಸಿಂಗ್‌ಗೆ 50 ಲಕ್ಷಕ್ಕೆ ಎದ್ದಿತು. ಹೊರಗೆ ಕಳಿಸಿ ಚಿಲಕ ಹಾಕಿಕೊಂಡವರು ಒಳಗೆ ಹಾಯಾಗಿ ಕೂತಿದ್ದರೆ, ಬೀದಿಯಲ್ಲಿ ನಿಂತ ಅಭಿಮಾನಿ ಮಾತ್ರ ಹೋದವನ ಬೆನ್ನಿಗೆ ಕಲ್ಲು ಹೊಡೆಯುತ್ತಿದ್ದ.

ಜೆಡ್ಡಾದ ಆ ಎರಡು ದಿನದ ಹರಾಜನ್ನು ಒಮ್ಮೆ ನೋಡಿ. ಹೈದರಾಬಾದಿನ ಹುಡುಗ ಸಿರಾಜ್ ಬೆಂಗಳೂರಿನಿಂದ ಗುಜರಾತಿಗೆ. ಗುಜರಾತಿನ ಶಮಿ 10 ಕೋಟಿಗೆ ಹೈದರಾಬಾದಿಗೆ. ಹೈದರಾಬಾದಿಗೆ 11 ಸೀಸನ್ ಬೆವರು ಸುರಿಸಿದ ಭುವನೇಶ್ವರ್ ಕುಮಾರ್ 10.75 ಕೋಟಿಗೆ ಬೆಂಗಳೂರಿಗೆ. ಮೂರು ಊರಿನ ಅಭಿಮಾನಿಗಳೂ ಒಬ್ಬನನ್ನು ದ್ರೋಹಿ ಎಂದು ಬೈದು, ಬಾಯಿ ಒರೆಸಿಕೊಂಡು, ಇನ್ನೊಬ್ಬ ದ್ರೋಹಿಗೆ ಆರತಿ ಎತ್ತಿದರು. ಸಿರಾಜ್‌ಗೆ ಡಿಎಸ್‌ಪಿ ಹುದ್ದೆ ಕೊಟ್ಟದ್ದು ತೆಲಂಗಾಣ, ವರ್ಗ ಮಾಡಿದ್ದು ಬೆಂಗಳೂರು, ಡ್ಯೂಟಿ ಅಹಮದಾಬಾದಿನಲ್ಲಿ. ಎಚ್‌ಎಎಲ್‌ನವರಿಗಾದರೆ ಇದು ತಕ್ಷಣ ಅರ್ಥವಾಗುತ್ತದೆ.

ಹೈದರಾಬಾದಿನವರು ನಗಬೇಕಾಗಿಲ್ಲ. 2016ರಲ್ಲಿ ನಮ್ಮ ಚಿನ್ನಸ್ವಾಮಿಗೇ ಬಂದು, ನಮ್ಮನ್ನೇ ಎಂಟು ರನ್ನಿನಿಂದ ಸೋಲಿಸಿ ಕಪ್ ಹೊತ್ತು ತಂದವನು ಡೇವಿಡ್ ವಾರ್ನರ್. 2021ರಲ್ಲಿ ನಡುಸೀಸನ್ನಿನಲ್ಲೇ ಅವನ ನಾಯಕತ್ವ ಕಿತ್ತರು, ಆಮೇಲೆ ಹನ್ನೊಂದರಿಂದಲೇ ಕಿತ್ತರು. ಆತ ಸ್ಟ್ಯಾಂಡಿನಲ್ಲಿ ಕೂತು ಅದೇ ತಂಡದ ಬಾವುಟ ಬೀಸಿದ. ಮರುವರ್ಷ ಡೆಲ್ಲಿ ಅಂಗಿ ತೊಟ್ಟು ಹೈದರಾಬಾದಿನ ಮೇಲೆ ಔಟಾಗದೆ 92 ಹೊಡೆದ. ಅಷ್ಟು ಮರ್ಯಾದೆಯಿಂದ ಸೇಡು ತೀರಿಸಿಕೊಂಡವರು ಕಡಿಮೆ.

ಸಿರಾಜ್ ಅಷ್ಟು ಕಾಯಿಸಲಿಲ್ಲ. 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿಯಲ್ಲಿ 19 ರನ್ನಿಗೆ ಮೂರು ವಿಕೆಟ್. ನಾಲ್ಕು ದಿನ ಬಿಟ್ಟು ಹೈದರಾಬಾದಿನ ಉಪ್ಪಲ್‌ನಲ್ಲಿ 17 ರನ್ನಿಗೆ ನಾಲ್ಕು. ಸಾಕಿದ ಊರು, ಹೆತ್ತ ಊರು, ಒಂದೇ ವಾರದಲ್ಲಿ ಎರಡರ ಸಾಲವೂ ಚುಕ್ತಾ. ನಮ್ಮ ಮಹನೀಯರು ಅಂದು ಉಪ್ಪಲ್‌ಗೆ ಬಾಯಿ ತುಂಬ ಬೈಗುಳ ಹೊತ್ತೇ ಹೋಗಿದ್ದರು. ಮೊದಲ ಓವರಿನಲ್ಲೇ ಟ್ರಾವಿಸ್ ಹೆಡ್ ಹೋದ. ಇವರ ಎರಡು ಬೆರಳು ತಾವಾಗಿ ಬಾಯಿಗೆ ಹೋಗಿ ಸೀಟಿ ಹೊಡೆದವು. ಸುತ್ತ ಕಿತ್ತಳೆ ಅಂಗಿಯವರು ತಿರುಗಿ ನೋಡಿದರು. "ಹಲ್ಲಿನ್ಯಾಗ ಏನೋ ಸಿಕ್ಕಿತ್ತು" ಎಂದರಂತೆ.

ಅದೇ ತಿಂಗಳ 10ರಂದು ಕೆ.ಎಲ್. ರಾಹುಲ್ ಡೆಲ್ಲಿ ಪರ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದ. ಚಿನ್ನಸ್ವಾಮಿ ನೆಲದಲ್ಲಿ ಬ್ಯಾಟಿನಿಂದ ಗೆರೆ ಸುತ್ತಿ, ಬ್ಯಾಟು ನೆಟ್ಟು, 'ಕಾಂತಾರ'ದ ಠೀವಿಯಲ್ಲಿ ಇದು ನನ್ನ ಜಾಗ ಎಂದ. ಬೆಂಗಳೂರು, ಹೈದರಾಬಾದ್, ಪಂಜಾಬ್, ಲಖನೌ ಎಲ್ಲ ಸುತ್ತಿ ಬಂದ ರಾಹುಲ್ ದ್ರೋಹಿಯಲ್ಲವೇ ಎಂದು ಕೇಳಿದೆ. "ಛೇ, ಅಂವ ನಮ್ಮ ಹುಡುಗ್ರೀ!" ಕಾಯಿದೆ ಇಷ್ಟೇ: ಸೋಲಿಸಿದವನು ಕನ್ನಡದವನಾದರೆ ಅದು ಸೋಲಲ್ಲ, ಮನೆಯೊಳಗಿನ ಮಾತು.

ಜೂನ್ 3ರಂದು ಆರ್‌ಸಿಬಿ ಆರು ರನ್ನಿನಿಂದ ಕಪ್ ಗೆದ್ದಿತು. ಫೈನಲ್‌ನಲ್ಲಿ ಒಂದೇ ಓವರಿಗೆ ಇಬ್ಬರನ್ನು ಕೆಡವಿದ್ದು ಆ ಹೈದರಾಬಾದಿ ದ್ರೋಹಿ ಭುವಿ. ಆಗಸ್ಟ್ 4ರಂದು ಓವಲ್‌ನಲ್ಲಿ ಸಿರಾಜ್ ಐದು ವಿಕೆಟ್ ಕಿತ್ತು, ಕೊನೆಗೆ ಆಟ್ಕಿನ್ಸನ್‌ನ ಸ್ಟಂಪು ಹಾರಿಸಿ, ಭಾರತವನ್ನು ಅದೇ ಆರು ರನ್ನಿನಿಂದ ಗೆಲ್ಲಿಸಿದ. ಮಹನೀಯರ ಮನೆಯಲ್ಲಿ ಅಂದು ಗಡಿಬಿಡಿ. ನವೆಂಬರಿನಲ್ಲಿ ಕೆಂಪು ಜೆರ್ಸಿಯ ಬೆನ್ನಿನಿಂದ ಸಿರಾಜ್ ಹೆಸರನ್ನು ಬಿಸಿ ಇಸ್ತ್ರಿಯಿಟ್ಟು, ಉಗುರಿನಿಂದ ಕೆರೆದು ತೆಗೆದಿದ್ದರು. ಅಂಟು ಮಾತ್ರ ಹೋಗಿರಲಿಲ್ಲ. ಧೂಳು ಹಿಡಿದು ಹೆಸರು ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. "ನಾ ತೆಗದೇ ಇಲ್ಲ ನೋಡ್ರಿ" ಎಂದು ಅದನ್ನೇ ತೊಟ್ಟು ಓಣಿಯಲ್ಲಿ ತಿರುಗಿದರು.

2025ರ ನವೆಂಬರಿನಲ್ಲಿ ಶಮಿಯನ್ನು ಹೈದರಾಬಾದ್ ಒಂದೇ ಸೀಸನ್ನಿಗೆ ಲಖನೌಗೆ ದಾಟಿಸಿದ ಮೇಲೆ ಅವರಿಗೆ ಚಿಂತೆ ಹತ್ತಿತು.

"ಭುವಿ ಎಲ್ಲೀತನಕ ಇರ್ತಾನ್ರೀ?"

"2027ರ ತನಕ ಲೆಕ್ಕ. ನಡುವೆ ಮಾರಿದರೆ ಗೊತ್ತಿಲ್ಲ."

ಬೆರಳು ಮಡಚಿ ಎಣಿಸಿದರು. "ಪ್ರಿಂಟಿನವ ಅಕ್ಷರಕ್ಕ ಇಷ್ಟು ಅಂತ ತಗೋತಾನ. ಇಂಗ್ಲಿಷಿನ್ಯಾಗ ಸಿರಾಜ್ ಅಂದ್ರೂ ಐದು, ಭುವಿ ಅಂದ್ರೂ ಐದ. ಹಳೇ ಅಂಟಿನ ಮ್ಯಾಲೇ ಕೂಡ್ತದಲ್ರೀ?"