ಕೊನೆಯ ದಿನಾಂಕ

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ. ಅಂಗಳ ಇಳಿದು, ದಣಪೆ ದಾಟಿ, ತೋಟದ ಧರೆಯ ಮೇಲಿರುವ ಹಲಸಿನ ಮರದ ಬುಡಕ್ಕೆ ಹೋಗಬೇಕು. ಅಲ್ಲೂ ಸುಮ್ಮನೆ ನಿಂತರೆ ಆಗದು. ಎಡಗಡೆಯ ಬೇರಿನ ಮೇಲೆ ಹತ್ತಿ ಕೊಪ್ಪದ ಕಡೆ ಮುಖ ಮಾಡಿದರೆ ಎರಡು ಕಡ್ಡಿ. ಎನ್.ಆರ್.ಪುರದ ಕಡೆ ತಿರುಗಿದರೆ ಒಂದು ಕಡ್ಡಿ. ಶೃಂಗೇರಿಯ ಕಡೆ ತಿರುಗಿದರೆ ಅದೂ ಮಾಯ. ಶಾರದಮ್ಮ ವಿದ್ಯೆ ಕೊಡುತ್ತಾಳೆ, ನೆಟ್‌ವರ್ಕ್ ಅವಳ ಖಾತೆಗೆ ಬರುವುದಿಲ್ಲ.

ಮಗಳು ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಆ ಬೇರು ನನ್ನ ಚಪ್ಪಲಿಗೆ ಸವೆದು ನುಣ್ಣಗಾಗಿದೆ. ಅಲ್ಲಿ ಏನೇ ನಡೆಯುವುದಿದ್ದರೂ ಅದರ ಪೋಸ್ಟರನ್ನು ಅವಳು ಮನೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಾಳೆ. ನಾಳೆ ಬೆಳಿಗ್ಗೆ ವಿಚಾರ ಸಂಕಿರಣ, ನಾಡಿದ್ದು ನಾಟಕ, ಶನಿವಾರ ಬೀದಿ ಸ್ವಚ್ಛತೆ, ಆಮೇಲೆ ಯಾವುದೋ ಕ್ಲಬ್ಬಿನ ಉದ್ಘಾಟನೆ. ನಾನು ಮೂರು ದಿನಕ್ಕೊಮ್ಮೆ ಬೇರಿನ ಮೇಲೆ ನಿಂತಾಗ ಎಲ್ಲವೂ ಒಟ್ಟಿಗೆ, ಅಟ್ಟದಿಂದ ಅಡಿಕೆ ಸುರಿದ ಹಾಗೆ ಬಂದು ಬೀಳುತ್ತವೆ. ಅಷ್ಟರಲ್ಲಿ 'ನಾಳೆ' ಎಂದಿದ್ದು ಮೊನ್ನೆ ಮುಗಿದಿರುತ್ತದೆ. ಮುಂಬರುವ ಕಾರ್ಯಕ್ರಮಗಳ ಪಟ್ಟಿಯನ್ನು ಇತಿಹಾಸದ ಪಾಠದಂತೆ ಓದುವ ತಂದೆ ಆ ವಿಶ್ವವಿದ್ಯಾಲಯಕ್ಕೆ ನಾನೊಬ್ಬನೇ ಇರಬೇಕು. ಆದರೂ ಓದುತ್ತೇನೆ. ಮುಗಿದ ಮದುವೆಯ ಕರೆಯೋಲೆಯನ್ನೂ ನಾವು ಪೂರ್ತಿ ಓದುವವರಲ್ಲವೆ, ಅಡಿಯಲ್ಲಿರುವ 'ಉಡುಗೊರೆಗೆ ಕ್ಷಮೆ ಇರಲಿ' ಎಂಬಲ್ಲಿಯವರೆಗೆ!

ಅವಳನ್ನು ಅಲ್ಲಿಗೆ ಸೇರಿಸುವಾಗ ಮನೆಯಲ್ಲಿ ಗಲಾಟೆಯಾಗಿದ್ದು ಫೀಸಿನ ವಿಷಯಕ್ಕಲ್ಲ, ಧರ್ಮದ ವಿಷಯಕ್ಕಂತೂ ಅಲ್ಲವೇ ಅಲ್ಲ. 'ಡೀಮ್ಡ್' ಎಂಬ ಒಂದು ಪದಕ್ಕೆ. ಅರ್ಜಿಯನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. 'ಡೀಮ್ಡ್ ಟು ಬಿ ಯೂನಿವರ್ಸಿಟಿ' ಎಂದು ಬಂದದ್ದೇ ಒಳಗಿದ್ದ ಅಮ್ಮ ಬಾಗಿಲಿಗೆ ಬಂದಳು.

"ಡೀಮ್ಡ್ ಅಂದ್ರೆ ಕಾಡಲ್ವನೋ? ಕೂಸನ್ನ ಸೇರ್ಸಿ ದುಡ್ಡೂ ಕಟ್ಟಿದ ಮೇಲೆ ಫಾರೆಸ್ಟ್‌ನೋರು ಬಂದು ಬಿಡ್ಸಿದ್ರೆ ಏನ್ ಮಾಡ್ತೀಯ?"

ನಗುವ ಹಾಗಿರಲಿಲ್ಲ. ಕಾಡೆಂದು ದಾಖಲೆಯಲ್ಲಿ ಇಲ್ಲದಿದ್ದರೂ ಕಾಡಿನ ಲಕ್ಷಣವಿದ್ದರೆ ಅದು ಕಾಡೇ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಲಾಗಾಯ್ತು ಮಲೆನಾಡಿನಲ್ಲಿ 'ಡೀಮ್ಡ್' ಎಂದರೆ ಒಂದೇ ಅರ್ಥ. ಸರ್ವೆ ನಂಬರು ಹಿಡಿದುಕೊಂಡು ತಾಲೂಕು ಕಚೇರಿಗೆ ಅಲೆಯುವುದು. ನಮ್ಮಲ್ಲಿ ಆ ಇಂಗ್ಲಿಷ್ ಪದ ಗೊತ್ತಿಲ್ಲದ ಅಜ್ಜಿ ಸಿಕ್ಕುವುದು ಕಷ್ಟ. ಇದು ಅದಲ್ಲ, 1956ರ ಯುಜಿಸಿ ಕಾಯ್ದೆಯ ಪ್ರಕಾರ ಕೊಡುವ ಸ್ಥಾನಮಾನ, 1969ರಲ್ಲಿ ಹೊಸೂರು ರಸ್ತೆಯಲ್ಲಿ ಶುರುವಾದ ಕ್ರೈಸ್ಟ್ ಕಾಲೇಜಿಗೆ 2008ರಲ್ಲಿ ಸಿಕ್ಕಿತು ಎಂದು ವಿವರಿಸಿದೆ. ಅಮ್ಮ ಪೂರ್ತಿ ಕೇಳಿ, "ಅಂದ್ರೆ ದಾಖಲೇಲಿ ಇರ್ಲಿಲ್ಲ, ಲಕ್ಷಣ ಇತ್ತು, ಹಂಗಾಗಿ ಕೊಟ್ರು. ನಾನ್ ಹೇಳಿದ್ದೂ ಅದೇ ಅಲ್ವ" ಎಂದು ಒಳಗೆ ಹೋದಳು. ಆ ದೃಷ್ಟಿಯಲ್ಲಿ ನೋಡಿದರೆ ಕೋರ್ಟೂ ಯುಜಿಸಿಯೂ ಒಂದೇ ಮಾತನ್ನೇ ಆಡಿವೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರದು. ಅದಕ್ಕೆ ಲಕ್ಷಣ ಬಂದಿದೆಯೆಂದು ಒಪ್ಪಿಕೊಳ್ಳಲು 2024 ಆಗಬೇಕಾಯಿತು.

ಅಮ್ಮನಿಗೆ ಧೈರ್ಯ ತುಂಬಿದವರು ನಮ್ಮ ಬೇಲಿಯಾಚೆಯ ಚೇಟ್ಟ. ಅವರ ಅಪ್ಪನ ಕಾಲಕ್ಕೆ ತಿರುವಾಂಕೂರಿನ ಕಡೆಯಿಂದ ಎನ್.ಆರ್.ಪುರಕ್ಕೆ ಬಂದವರು, ಈಗ ರಬ್ಬರು, ಕಾಳುಮೆಣಸು, ಶುಂಠಿ ಮೂರರಲ್ಲೂ ನಷ್ಟವಾಗಿದೆ ಎಂದು ಹೇಳುತ್ತಲೇ ಮೂರನೇ ಮಹಡಿ ಕಟ್ಟಿಸುತ್ತಿದ್ದಾರೆ. ಕ್ರೈಸ್ಟ್ ನಡೆಸುವ ಸಿಎಂಐ ಪಾದ್ರಿಗಳ ವಿಷಯ ಬಂದರೆ ಅವರಿಗೆ ಅದು ಮನೆಯ ವಿಷಯ. 1831ರಲ್ಲಿ ಮಾನ್ನಾನಂನಲ್ಲಿ ಆ ಸಭೆ ಶುರುವಾಗಿದ್ದು, ಕಟ್ಟಿದವರಲ್ಲಿ ಒಬ್ಬರಾದ ಚಾವರ ಕುರಿಯಾಕೋಸ್ ಅಚ್ಚನ್ ಚರ್ಚಿನ ಜತೆಗೇ ಶಾಲೆಯನ್ನೂ ಕಟ್ಟಿ ಎಂದು ಹೇಳಿದ್ದು, 2014ರಲ್ಲಿ ರೋಮಿನಲ್ಲಿ ಅವರನ್ನು ಸಂತರೆಂದು ಘೋಷಿಸಿದ್ದು, ಎಲ್ಲವನ್ನೂ ಬೇಲಿಯ ಮೇಲೆ ಮೊಣಕೈ ಊರಿ ಹೇಳಿದರು. "ಪೇಡಿಕ್ಕೇಂಡ ಗೌಡ್ರೇ, ಹೆದರ್ಬೇಡಿ. ನಿಮ್ಮ ಮಗಳು ಶಾರದೆ ಹತ್ರಾನೇ ಇರ್ತಾಳೆ. ಫೀಸು ಮಾತ್ರ ಸ್ವಲ್ಪ ಜಾಸ್ತಿ."

ಹೀಗೆ ಸೇರಿದವಳು ಒಂದು ದಿನ ಸಂದೇಶ ಕಳಿಸಿದಳು. 'ಎಥ್ನಿಕ್ ಡೇ ಇದೆ, ಅಜ್ಜಿಯ ಸೀರೆ ಬೇಕು, ಅರ್ಜೆಂಟ್.' ಪುಣ್ಯಕ್ಕೆ ಅವತ್ತು ನಾನು ಬೇರಿನ ಮೇಲೇ ಇದ್ದೆ. ಕಾರ್ಯಕ್ರಮಕ್ಕೆ ಇನ್ನೂ ನಾಲ್ಕು ದಿನವಿತ್ತು. ನಮ್ಮ ಮನೆಯ ಮಟ್ಟಿಗೆ ಅದೊಂದು ಚಾರಿತ್ರಿಕ ಘಟನೆ.

ಅಮ್ಮ ಕೇಳಿದಳು, "ಏನದು ಎಥ್ನಿಕ್ಕು?"

"ಅವತ್ತು ಎಲ್ಲರೂ ಅವರವರ ಊರಿನ ಬಟ್ಟೆ ಹಾಕ್ಕೊಂಡು ಬರ್ಬೇಕು."

"ಉಳಿದ ದಿನ ಯಾರೂರಿನ ಬಟ್ಟೆ ಹಾಕ್ತಾರೆ?"

ಉತ್ತರವಿಲ್ಲದ ಪ್ರಶ್ನೆಗಳನ್ನು ಅಮ್ಮ ಕೇಳುವುದೇ ಹೀಗೆ, ಕಾಳು ಆರಿಸುತ್ತಾ. ಆದರೆ ಪೆಟ್ಟಿಗೆಯಿಂದ ಸೀರೆ ತೆಗೆದಳು. ಕೊಪ್ಪದಿಂದ ರಾತ್ರಿ ಬಸ್ಸಿಗೆ ಹಾಕಿದೆವು. ಸೀರೆಯ ಮಡಿಕೆಯ ನಡುವೆ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಇಟ್ಟಿದ್ದು ಅಮ್ಮನ ಸ್ವಂತ ನಿರ್ಧಾರ. ಅದರ ಪರಿಣಾಮವನ್ನು ಇಲ್ಲಿ ಬರೆಯುವುದಿಲ್ಲ.

ನಿಜವಾದ ಕಷ್ಟ ಆಮೇಲೆ. ಮಲೆನಾಡಿನ ಗೌಡರ ಹೆಂಗಸರು ಉಡುತ್ತಿದ್ದ ಗೊಬ್ಬೆ ಸೀರೆಯನ್ನು ನನ್ನ ಹೆಂಡತಿಯೇ ಉಟ್ಟವಳಲ್ಲ. ಮಗಳಿಗೆ ಹೇಗೆ ಬರಬೇಕು? ಅಜ್ಜಿ ವಿಡಿಯೋ ಕಾಲಿನಲ್ಲಿ ಹೇಳಿಕೊಡುವುದೆಂದು ತೀರ್ಮಾನವಾಯಿತು. ಅಂದರೆ ಅಜ್ಜಿ ಹಲಸಿನ ಮರದ ಬುಡಕ್ಕೆ ಬರಬೇಕು. ಬಂದಳು, ಕುರ್ಚಿ ಸಮೇತ. ಆದರೆ ಬಯಲಿನಲ್ಲಿ ನಿಂತು ತನ್ನ ಮೇಲೆ ತೋರಿಸಲು ಒಪ್ಪಲಿಲ್ಲ. ಹೆಂಡತಿ ಫೋನು ಹಿಡಿದಿದ್ದಳು. ಉಳಿದವನು ನಾನೊಬ್ಬ.

ಬನಿಯನ್ನು, ಲುಂಗಿಯ ಮೇಲೆ ಅಮ್ಮನ ಹಳೆಯ ಸೀರೆ ಸುತ್ತಿಸಿಕೊಂಡು, ಕೊಪ್ಪದ ಕಡೆ ಮುಖ ಮಾಡಿ ನಿಂತೆ. ಅಮ್ಮ ಕೋಲಿನಿಂದ ನನ್ನ ಸೊಂಟ ಮುಟ್ಟಿ ಮುಟ್ಟಿ ಪಾಠ ಮಾಡಿದಳು. "ಇಲ್ಲಿಂದ ತಗೊ, ಹಿಂದಿಂದ ತಾ, ಎದೆ ಮೇಲೆ ಬಿಗಿ ಹಿಡಿ, ಈ ತುದಿ ಮೇಲೆ ಬರ್ಬೇಕು, ಆ ತುದಿ..." ಪರದೆಯಲ್ಲಿ ಮಗಳು, ಅವಳ ಸೆರಗಿನ ನಾಲ್ಕು ಮೂಲೆಗಳನ್ನು ಹಿಡಿದ ನಾಲ್ವರು ಗೆಳತಿಯರು, ಒಬ್ಬಳು ಮಣಿಪುರದವಳು, ಒಬ್ಬಳು ಕೋಟ್ಟಯಂನವಳು. ಭುಜದ ಮೇಲೆ ಗೊಬ್ಬೆ, ಅಂದರೆ ಗಂಟು, ಹಾಕುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಯಿತು. ಐವರು ಹುಡುಗಿಯರೂ ಬಾಯಿ ತೆರೆದು ಕಲ್ಲಾದರು. ನಾನು ಸಿಗ್ನಲ್ ಹೋದೀತೆಂಬ ಭಯಕ್ಕೆ ಭುಜ ಎತ್ತಿಕೊಂಡೇ ನಿಂತಿದ್ದೆ. ಆಗಲೇ ಚೇಟ್ಟ ಸ್ಕೂಟರಿನಲ್ಲಿ ಬಂದರು. ನಿಲ್ಲಿಸಲಿಲ್ಲ. ಮರ್ಯಾದಸ್ಥರು, ಆಕಾಶ ನೋಡಿಕೊಂಡು ಹೋದರು. ಮಾರನೆ ದಿನ ಬೇಲಿಯ ಹತ್ತಿರ, "ಮನೇಲಿ ಎಲ್ಲ ಕ್ಷೇಮವಾ?" ಎಂದು ವಿಚಾರಿಸಿದರು.

ಗಂಟು ಬೆಂಗಳೂರಿನಲ್ಲಿ ಹೇಗೋ ಬಿತ್ತಂತೆ. ಕೋಟ್ಟಯಂನ ಹುಡುಗಿ ಸೇಫ್ಟಿ ಪಿನ್ ಹಾಕಿದಳಂತೆ. ಅದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.

ಇಷ್ಟೆಲ್ಲ ಕಾರ್ಯಕ್ರಮವಿದ್ದರೆ ಹುಡುಗರು ಓದುವುದು ಯಾವಾಗ ಎಂದು ಊರಿನವರು ಕೇಳುತ್ತಾರೆ. ಶೇಕಡಾ 85 ಹಾಜರಿ ಇರಲೇಬೇಕು ಅಲ್ಲಿ ಎಂದರೆ ನಂಬುವುದಿಲ್ಲ. ಕೊಯ್ಲಿನ ಕಾಲದಲ್ಲಿ ನನ್ನ ತೋಟದ ಆಳುಗಳಿಗೆ ಇಂಥ ನಿಯಮ ಹಾಕಿದರೆ ಪರೀಕ್ಷೆಗೆ ಕೂರುವವನು ನಾನೊಬ್ಬನೇ. ಕಾರ್ಯಕ್ರಮ ನಮ್ಮಲ್ಲೇನು ಕಡಿಮೆಯೆ? ಶೃಂಗೇರಿ ಮಠದಲ್ಲಿ ಗಣೇಶ ಚೌತಿಯಿಂದ ವಾಕ್ಯಾರ್ಥ ಸಭೆ ಕೂಡುತ್ತದೆ. ನ್ಯಾಯ, ವೇದಾಂತ, ವ್ಯಾಕರಣ ಅರೆದು ಕುಡಿದವರು ದೇಶದ ನಾನಾ ಕಡೆಯಿಂದ ಬಂದು ಗುರುಗಳ ಎದುರಿಗೆ ಕೂತು ವಾದ ಮಾಡುತ್ತಾರೆ. ನಮ್ಮೂರ ಯಾವ ಮರಕ್ಕೂ ಅದರ ಪೋಸ್ಟರ್ ಅಂಟಿಸಿದ್ದನ್ನು ನಾನು ನೋಡಿಲ್ಲ. ಬರುವವರಿಗೆ ಗೊತ್ತಿರುತ್ತದೆ.

ಪೋಸ್ಟರಿಲ್ಲದ ಆ ಕಾಲದಲ್ಲಿ ನನಗೂ ಒಂದು ಮುಂಬರುವ ಕಾರ್ಯಕ್ರಮದ ಸುದ್ದಿ ಬಂದಿತ್ತು. ಅದೂ ಇದೇ ಕ್ರೈಸ್ಟ್ ಕಾಲೇಜಿನಿಂದ. 1985. ಶೃಂಗೇರಿಯಲ್ಲಿ ಬಿ.ಎ. ಓದುತ್ತಿದ್ದೆ. ನೋಟಿಸ್ ಬೋರ್ಡಿನಲ್ಲಿ, ಫೀಸು ಬಾಕಿ ಇದ್ದವರ ಪಟ್ಟಿಯ ಪಕ್ಕದಲ್ಲಿ (ನನ್ನನ್ನು ಆ ಬೋರ್ಡಿನ ಹತ್ತಿರ ಎಳೆದದ್ದು ಆ ಪಟ್ಟಿಯೇ) ಒಂದು ಚಿಕ್ಕ ಕಾಗದ. ಕ್ರೈಸ್ಟ್ ಕಾಲೇಜು ಕನ್ನಡ ಸಂಘ, ಬೇಂದ್ರೆ ಸ್ಮೃತಿ ಕವನ ಸ್ಪರ್ಧೆ, ರಾಜ್ಯದ ಕಾಲೇಜು ವಿದ್ಯಾರ್ಥಿಗಳಿಗೆ.

ಆ ಕಾಗದದ ಹಿಂದೆ ಚಿ. ಶ್ರೀನಿವಾಸರಾಜು ಎಂಬ ಮೇಷ್ಟರಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಇಂಗ್ಲಿಷಿನಲ್ಲೇ ಉಸಿರಾಡುವ ಬೆಂಗಳೂರಿನ ಕಾಲೇಜು, ನಡೆಸುವವರು ಮಲಯಾಳದ ಪಾದ್ರಿಗಳು. ಅಂಥಲ್ಲಿ ಒಬ್ಬ ಕನ್ನಡ ಮೇಷ್ಟರು ಸಂಘ ಕಟ್ಟಿ, ಹುಡುಗರ ಕವನ ತರಿಸಿ, ಗೆದ್ದವನ್ನು ಪುಸ್ತಕ ಮಾಡಿ, ಹೊಸಬರ ಮೊದಲ ಪುಸ್ತಕಗಳನ್ನು ಅಚ್ಚು ಹಾಕಿಸಿ, ಚೀಲದಲ್ಲಿ ಹೊತ್ತು ತಾವೇ ಮಾರುತ್ತಿದ್ದರು. ಹೀಗೆ ಅಲ್ಲಿಂದ ಹೊರಬಂದ ಪುಸ್ತಕಗಳು ನೂರಾರು. 2007ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬರೆದವರೆಲ್ಲ ಅವರನ್ನು ಕರೆದದ್ದು 'ಮೇಷ್ಟ್ರು' ಎಂದೇ. ನನ್ನ ಮಟ್ಟಿಗೆ ಕ್ಯಾಂಪಸ್ಸಿನ ಅತಿ ದೊಡ್ಡ ಕಾರ್ಯಕ್ರಮ ಆ ಕವನ ಸ್ಪರ್ಧೆ. ಕ್ಯಾಂಪಸ್ಸಿಗೆ ಯಾರೂ ಹೋಗಬೇಕಿರಲಿಲ್ಲ, ಅಂಚೆಚೀಟಿ ಅಂಟಿಸಿದರೆ ಸಾಕಿತ್ತು.

ಕೊಪ್ಪ ತಾಲೂಕಿನವನಿಗೆ ಕವಿಯಾಗುವುದು ಜನ್ಮಸಿದ್ಧ ಹಕ್ಕು. ಕುವೆಂಪು ಹುಟ್ಟಿದ್ದು ನಮ್ಮ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಬೆಳೆದದ್ದು ಕುಪ್ಪಳಿಯಲ್ಲಿ ಎಂದು ತೀರ್ಥಹಳ್ಳಿಯವರು ಪೂರ್ತಿ ತಮ್ಮದೇ ಎನ್ನುತ್ತಾರೆ. ಹೆರಿಗೆಯ ಖರ್ಚು ನಮ್ಮ ಕಡೆಯದು ಎಂಬುದನ್ನು ಮರೆಯುತ್ತಾರೆ. ಕುವೆಂಪು ಅವರೂ ಹೋಗಿದ್ದು ಪಾದ್ರಿಗಳ ಶಾಲೆಗೇ, ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ. ಮೊದಲು ಬರೆದದ್ದು ಇಂಗ್ಲಿಷ್ ಕವನ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿನ್ನ ಭಾಷೆಯಲ್ಲಿ ಬರೆ ಎಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕನ್ನಡಕ್ಕೆ ತಳ್ಳುವ ಕೆಲಸವನ್ನು ಹೊರಗಿನವರು ಮಾಡಿದಷ್ಟು ಚೆನ್ನಾಗಿ ನಮ್ಮವರು ಮಾಡಿಲ್ಲವೇನೋ ಎಂದು ನನಗೆ ಆಗಾಗ ಅನುಮಾನ.

ಸರಿ, ನಾನೂ ಬರೆದೆ. ಮಳೆಯ ಮೇಲೆ. ಮಲೆನಾಡಿನ ಹುಡುಗ ಮತ್ತೇನು ಬರೆದಾನು? ನಮ್ಮ ಕನ್ನಡ ಲೆಕ್ಚರರು ಓದಿ, "ಒಣಗಿದ ಸಾಲು ಒಂದೂ ಇಲ್ವಲ್ಲೋ" ಎಂದರು. ಹೊಗಳಿಕೆಯೆಂದೇ ತಿಳಿದೆ. ಫುಲ್‌ಸ್ಕೇಪ್ ಹಾಳೆಯಲ್ಲಿ ದುಂಡಗೆ ನಕಲು ತೆಗೆದು, ಜತೆಗೆ ನೋಟಿಸಿನ ವಿವರ ಬರೆದ ಚೀಟಿ ಸಿಕ್ಕಿಸಿ, ಶನಿವಾರ ಮನೆಗೆ ತಂದು ಜಗಲಿಯ ಗೂಡಿನಲ್ಲಿಟ್ಟೆ. ಚೀಟಿಯಲ್ಲಿ ಎರಡು ಗೆರೆ ಎಳೆದು ಬರೆದುಕೊಂಡಿದ್ದೆ: 'ಕೊನೆಯ ದಿನಾಂಕ'.

ಅಪ್ಪಯ್ಯನ ಕಣ್ಣಿಗೆ ಅದು ಬಿತ್ತು. ನಮ್ಮಲ್ಲಿ ಕೊನೆ ಎಂದರೆ ಅಡಿಕೆ ಗೊನೆ. ಕೊನೆ ತೆಗೆಯುವುದು, ಕೊನೆ ಹೊರುವುದು, ಕೊನೆ ಲೆಕ್ಕ. ಹತ್ತಿ ಕೊಯ್ಯುವವನು ಕೊನೆಗಾರ. ಅವನು ಯಾವತ್ತು ಬರುತ್ತಾನೆಂದು ದೇವರಿಗೂ ಗೊತ್ತಿರುವುದಿಲ್ಲ. "ಇವ್ನ್ಯಾವನೋ ಬೆಂಗಳೂರಲ್ಲಿ ಕೂತು ನಮ್ಮ ಕೊನೆ ದಿನ ಗೊತ್ತು ಮಾಡೋನು?" ಎಂದು ನಕ್ಕವರು, ಹಾಳೆಯ ಹಿಂದುಗಡೆ ಬಿಳಿ ಇರುವುದನ್ನು ನೋಡಿ ಜೋಪಾನವಾಗಿ ತೆಗೆದಿಟ್ಟುಕೊಂಡರು.

ನಾನು ಸೋಮವಾರ ಗಡಿಬಿಡಿಯಲ್ಲಿ ಬಸ್ಸು ಹಿಡಿದವನು ಹಾಳೆ ಮರೆತೆ. ಮುಂದಿನ ಶನಿವಾರ ಬರುವಷ್ಟರಲ್ಲಿ ಕೊನೆಗಾರ ಬಂದು ಹೋಗಿದ್ದ. ಕವನದ ಬೆನ್ನ ಮೇಲೆ ಅಪ್ಪಯ್ಯನ ಕೈಬರಹ: ಕೆಳಗಿನ ತುಂಡು 214, ಹೊಳೆಬದಿ 180, ಕೊಳೆ ಬಂದದ್ದು 37. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ, ಮರೆತವನು ನಾನೇ. ಆ ಹಾಳೆ ಈಗಲೂ ಹಳೆ ಲೆಕ್ಕದ ಪುಸ್ತಕದಲ್ಲಿದೆ. ಮೊನ್ನೆ ತೆಗೆದು ಎರಡೂ ಕಡೆ ಓದಿದೆ. ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಅಪ್ಪಯ್ಯನ ಕಡೆಯದರಲ್ಲಿ ಒಂದು ಪದವೂ ಹೆಚ್ಚಿಲ್ಲ.

ಈಗ ಡಿಸೆಂಬರ್. ಅಂಗಳದ ತುಂಬ ಅಡಿಕೆ. ರಾತ್ರಿ ಮೆಟ್ಟುಗತ್ತಿಯ ಮೇಲೆ ಕೂತು ಹೆಂಗಸರು ಸುಲಿಯುತ್ತಾರೆ, ಚೊಗರಿನ ಒಲೆ ಆರುವುದೇ ಇಲ್ಲ. ಮಗಳು ಅಲ್ಲಿಂದ 'ಮ್ಯಾಗ್ನಿಫಿಕಾಟ್' ಎಂದು ಬರೆದಿದ್ದಳು. ಹೆಸರು ಕೇಳಿದರೆ ಕೊಳೆರೋಗದ ಔಷಧಿಯ ಹಾಗಿದೆ ಎಂದೆ. ಚೇಟ್ಟ ನೊಂದುಕೊಂಡರು. ಅದು ಮರಿಯಮ್ಮ ಹಾಡಿದ ಹಾಡು, ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಇದೆ, ಲ್ಯಾಟಿನ್‌ನಲ್ಲಿ ಆ ಹಾಡಿನ ಮೊದಲ ಪದವೇ ಅದು ಎಂದು ತಿದ್ದಿದರು. ಕ್ರೈಸ್ಟಿನವರು ಕ್ರಿಸ್‌ಮಸ್ ಆಚರಣೆಗೆ ಆ ಹೆಸರಿಟ್ಟಿದ್ದಾರೆ; ಕ್ಯಾಂಪಸ್ಸಿಗೆಲ್ಲ ದೀಪ, ದೊಡ್ಡ ಗಾಯನ ವೃಂದ. ಮಗಳು ಆ ವೃಂದದಲ್ಲಿ ಮೂರನೇ ಸಾಲು. ಯಕ್ಷಗಾನದ ಮೇಳದವರ ಮುಂದೆ ನಿದ್ದೆ ಮಾಡಿ ಬೆಳೆದ ಹುಡುಗಿ ಲ್ಯಾಟಿನ್ ಹಾಡುತ್ತಾಳೆಂದರೆ ಅಮ್ಮನಿಗೆ ಕುತೂಹಲ. "ಭಾಗವತ್ರು ಯಾರಂತೆ?" ಎಂದು ಕೇಳಿದಳು.

ವಿಡಿಯೋ ಕಳಿಸಿದ್ದಾಳೆ. ಏಳು ನಿಮಿಷದ್ದು. ರಾತ್ರಿ ಎಂಟೂವರೆಗೆ, ಟಾರ್ಚು ಹಿಡಿದು, ಕೈಗೆ ಹತ್ತಿದ ಚೊಗರನ್ನು ಲುಂಗಿಗೆ ಒರೆಸಿಕೊಂಡು ನಾನು ಬೇರಿನ ಮೇಲೆ ನಿಂತೆ. ಅಮ್ಮ ಶಾಲು ಹೊದ್ದು ಕುರ್ಚಿಯಲ್ಲಿ. ಸುಲಿಯುವುದನ್ನು ಬಿಟ್ಟು ಇಬ್ಬರು ಹೆಂಗಸರು ದಣಪೆಯ ತನಕ ಬಂದಿದ್ದರು. ಪರದೆಯ ನಡುವೆ ಆ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಬೇಲಿಯಾಚೆ ಟಾರ್ಚಿನ ಬೆಳಕೊಂದು ನಿಂತಿತು.

"ಗೌಡ್ರೇ, ಬಂತಾ?"

"ಬರ್ತಾ ಇದೆ," ಎಂದೆ.