ಮಂಜಿನೂರಿನ ಆಟ, ಬಿಸಿಲೂರಿನ ಕಪ್

ಮಿನ್ನೆಸೋಟದವರು ತಮ್ಮ ರಾಜ್ಯವನ್ನು ಹಾಕಿಯ ರಾಜ್ಯ ಎಂದೇ ಕರೆದುಕೊಳ್ಳುತ್ತಾರೆ. ಅಲ್ಲಿ ಒಂದು ಚಳಿಗಾಲ ಕಳೆದವರು ಯಾರೂ ಅದನ್ನು ಜಂಬ ಎನ್ನಲಾರರು. ಅದು ನಿರುಪಾಯ. ಜನವರಿ ಹೊತ್ತಿಗೆ ಕೆರೆಗಳೆಲ್ಲ ಎಷ್ಟು ಗಟ್ಟಿಯಾಗಿರುತ್ತವೆಂದರೆ, ಜನ ಅವುಗಳ ಮೇಲೆ ಕಾರನ್ನೇ ಓಡಿಸಿಕೊಂಡು ಹೋಗಿ, ತೂತು ಕೊರೆದು, ಮೀನು ಹಿಡಿಯಲು ಕೂತಿರುತ್ತಾರೆ. ಅಂಥ ಕಡೆ ಮಕ್ಕಳನ್ನು ತಿಂಗಳುಗಟ್ಟಲೆ ಮನೆಯೊಳಗೆ ಕೂಡಿಹಾಕಿ ಸೋಫಾ ಹರಿಸಿಕೊಳ್ಳುವುದಕ್ಕಿಂತ, ಕೈಗೊಂದು ಕೋಲು ಕೊಟ್ಟು ಕೆರೆಗೆ ಅಟ್ಟುವುದು ಮೇಲು ಎಂದು ಯಾವುದೋ ಕಾಲದ ತಾಯಿಯೊಬ್ಬಳು ತೀರ್ಮಾನಿಸಿರಬೇಕು. ಕ್ರೀಡಾ ಇತಿಹಾಸಕಾರರು ಇದನ್ನು ಒಪ್ಪಲಿಕ್ಕಿಲ್ಲ. ಅವರಲ್ಲಿ ತಾಯಂದಿರು ಕಡಿಮೆ.

ನನ್ನ ಮಗಳ ಮನೆ ಇರುವುದು ಮಿನ್ನಿಯಾಪೊಲಿಸ್ಸಿನ ಹೊರವಲಯದಲ್ಲಿ. ಅಲ್ಲಿಗೆ ಹೋಗುವುದಾದರೆ ಬೇಸಿಗೆಯಲ್ಲೇ ಎಂದು ನಾನೂ ನಮ್ಮಾಕೆಯೂ ಮೊದಲೇ ಮಾತಾಡಿಕೊಂಡಿದ್ದೆವು. ಆದರೆ ಎರಡನೆಯ ಮೊಮ್ಮಗು ಜನವರಿಯಲ್ಲೇ ಹುಟ್ಟುತ್ತೇನೆಂದು ಹಟ ಹಿಡಿಯಿತು. ನಮ್ಮಾಕೆ ಬಾಣಂತನಕ್ಕೆ ನಿಂತಳು. ನನ್ನ ಪಾಲಿಗೆ ಬಂದವನು ಮೊದಲನೆಯವನು, ಎರಡನೇ ಕ್ಲಾಸಿನ ಹಾಕಿ ಆಟಗಾರ. ಆ ವಯಸ್ಸಿನ ಮಕ್ಕಳ ತಂಡಕ್ಕೆ ಮೈಟ್ ಎನ್ನುತ್ತಾರೆ. ಅಲ್ಲಿಂದ ಸ್ಕ್ವರ್ಟ್, ಪೀವೀ, ಬ್ಯಾಂಟಮ್ ಎಂದು ಬಡ್ತಿ. ನಮ್ಮ ಇಲಾಖೆಯಲ್ಲಿ ಕೂಡ ಬಡ್ತಿ ಇಷ್ಟು ಕ್ರಮವಾಗಿ ಆಗುತ್ತಿರಲಿಲ್ಲ. ನಾನು ವಿದ್ಯುತ್ ಇಲಾಖೆಯಲ್ಲಿ ಸವೆದ ಇಂಜಿನಿಯರು.

ಐಸ್ ಹಾಕಿ ಆಡುವ ರಿಂಕಿನಲ್ಲಿ ಒಳ್ಳೆಯ ಹೊತ್ತೆಲ್ಲ ದೊಡ್ಡವರಿಗೆ. ಮೈಟ್‌ಗಳಿಗೆ ಸಿಗುವುದು ಬೆಳಗಿನ ಜಾವ. ಕಾರು ಅಳಿಯಂದಿರದು, ಕಿಟ್‌ಬ್ಯಾಗು ನನ್ನದು. ಆ ಬ್ಯಾಗಿನಲ್ಲಿ ಹೆಲ್ಮೆಟ್ಟು, ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ಕಟ್ಟುವ ಪ್ಯಾಡುಗಳು, ಗವಸು, ಸ್ಕೇಟು, ಇವೆಲ್ಲದರ ಜೊತೆಗೆ ಒಂದು ವಾಸನೆ ಇರುತ್ತದೆ. ಬೆವರಿದ ಗವಸನ್ನು ಒಣಗಿಸದೆ ಮುಚ್ಚಿಟ್ಟು, ಮರುದಿನ ಮತ್ತೆ ಬೆವರಿಸಿ, ಮತ್ತೆ ಮುಚ್ಚಿಟ್ಟು ಪಕ್ವವಾದ ವಾಸನೆ ಅದು. ಬ್ಯಾಗಿಗೆ ಮನೆಯೊಳಗೆ ಪ್ರವೇಶವಿಲ್ಲ, ಗರಾಜಿನಲ್ಲೇ ವಾಸ. ನಮ್ಮಾಕೆ ಒಮ್ಮೆ ಅದರ ಪಕ್ಕ ಊದುಬತ್ತಿ ಹಚ್ಚಿಟ್ಟಳು. ಊದುಬತ್ತಿ ಸೋತಿತು.

ಪಕ್ಕದ ಮನೆಯಲ್ಲಿ ನನ್ನ ವಾರಗೆಯ ಒಬ್ಬರಿದ್ದರು. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಅವರ ಹಿತ್ತಲಲ್ಲಿ ಪ್ರತಿ ಚಳಿಗಾಲವೂ ಒಂದು ರಿಂಕು. ಸುತ್ತ ಹಲಗೆ ನಿಲ್ಲಿಸಿ, ಒಳಗೆ ಬಿಳಿ ಪ್ಲಾಸ್ಟಿಕ್ ಹಾಸಿ, ರಾತ್ರಿ ಊಟವಾದ ಮೇಲೆ ಪೈಪು ಹಿಡಿದು ನಿಲ್ಲುವರು. ಮೈನಸ್ ಇಪ್ಪತ್ತರಲ್ಲಿ ಒಬ್ಬ ಮನುಷ್ಯ ಹಿತ್ತಲಿಗೆ ನೀರು ಬಿಡುವುದನ್ನು ನೋಡಿ ಒಳಗೆ ಕೂತಿರುವುದು ನನ್ನಿಂದಾಗಲಿಲ್ಲ. ಮಂಕಿಕ್ಯಾಪು ಏರಿಸಿ ಹೊರಟೆ. ನೀರನ್ನು ಒಮ್ಮೆಗೇ ತುಂಬಿಸಬಾರದಂತೆ, ತೆಳ್ಳಗೆ ಪದರ ಪದರವಾಗಿ ಬಿಡಬೇಕಂತೆ. ಕೊನೆಯ ಪದರಕ್ಕೆ ಬಿಸಿನೀರು. ಅದು ಮೇಲಿನ ಗೀರುಗಳನ್ನು ಕೊಂಚ ಕರಗಿಸಿ ಒಳಗಿಳಿಯುತ್ತದೆ, ಮೈ ನುಣುಪಾಗುತ್ತದೆ. ಐಸ್ ಮಾಡಲು ಬಿಸಿನೀರು! ಇಂಜಿನಿಯರನಿಗೆ ಇದಕ್ಕಿಂತ ಒಳ್ಳೆಯ ಸತ್ಸಂಗ ಬೇಕೆ? ಅಂದಿನಿಂದ ಪೈಪಿನ ಹಿಂದಿನ ತುದಿ ನನ್ನ ಸುಪರ್ದಿಗೆ ಬಂತು.

ಹಾಕಿ ಎಂದರೆ ಅದುವರೆಗೆ ನನಗೆ ಕೊಡಗು. ವಿರಾಜಪೇಟೆಯಲ್ಲಿ ಕೆಲಸಕ್ಕಿದ್ದಾಗ ಕೊಡವರ ಹಾಕಿ ನಮ್ಮೆ ನೋಡಿದ್ದೆ. 1997ರಲ್ಲಿ ಶುರುವಾದ ಆ ಪಂದ್ಯಾವಳಿಯಲ್ಲಿ ತಂಡಗಳಿಗೆ ಮನೆತನದ ಹೆಸರು, ಮಾವ ಅಳಿಯ ಅತ್ತಿಗೆ ಎಲ್ಲರೂ ಮೈದಾನದಲ್ಲಿ. ಮಿನ್ನೆಸೋಟದ ಗುಟ್ಟೂ ಅದೇ, ಮನೆತನದ ಜಾಗದಲ್ಲಿ ಊರು. ಬೇರೆ ಹಲವು ರಾಜ್ಯಗಳಲ್ಲಿ ಒಳ್ಳೆಯ ಆಟಗಾರ ದುಡ್ಡು ಸುರಿದು ದೂರದ ಖಾಸಗಿ ಕ್ಲಬ್ಬು ಸೇರುತ್ತಾನೆ. ಇಲ್ಲಿ ಹುಡುಗ ತನ್ನೂರಿನ ಸಂಘಕ್ಕೆ ಆಡಿ, ಆಮೇಲೆ ತನ್ನೂರಿನ ಹೈಸ್ಕೂಲಿಗೆ ಆಡುತ್ತಾನೆ. ಪಾರ್ಕುಗಳಲ್ಲಿ ಬಯಲು ರಿಂಕು, ಪಕ್ಕದಲ್ಲಿ ಕೈಕಾಲು ಕಾಯಿಸಿಕೊಳ್ಳಲು ವಾರ್ಮಿಂಗ್ ಹೌಸ್. ಖರ್ಚಿಗೆ? ಬಾರುಗಳಲ್ಲಿ ಪುಲ್‌ಟ್ಯಾಬ್ ಎಂಬ ಕಾಗದದ ಲಾಟರಿ ಮಾರುತ್ತಾರೆ. ಮಾರುವವು ದತ್ತಿ ಸಂಸ್ಥೆಗಳು, ಅವುಗಳಲ್ಲಿ ಮಕ್ಕಳ ಹಾಕಿ ಸಂಘಗಳೂ ಬೇಕಾದಷ್ಟು. ಅಪ್ಪ ಬಿಯರಿನ ಜೊತೆ ಸೋತ ದುಡ್ಡು ಮಗನ ರಿಂಕಿಗೆ ಐಸಾಗುತ್ತದೆ. ಜೂಜನ್ನು ಸಮರ್ಥಿಸುವವನಲ್ಲ ನಾನು. ಆದರೆ ಇಷ್ಟು ನೇರವಾದ ತೆರಿಗೆ ಪದ್ಧತಿಯನ್ನು ಬೇರೆಲ್ಲೂ ಕಂಡಿಲ್ಲ.

ಮಾರ್ಚ್‌ನಲ್ಲಿ ಸೇಂಟ್ ಪಾಲ್‌ನಲ್ಲಿ ನಡೆಯುವ ಹೈಸ್ಕೂಲ್ ಪಂದ್ಯಾವಳಿ 1945ರಿಂದ ಬಂದಿರುವ ಹಬ್ಬ. ಶಾಲಾ ಹುಡುಗರ ಆಟಕ್ಕೆ ಹದಿನೆಂಟು ಸಾವಿರ ಜನ ಸೇರುತ್ತಾರೆ, ಟೀವಿಯಲ್ಲಿ ನೇರಪ್ರಸಾರ. ಕ್ರೀಡಾಂಗಣಕ್ಕೆ ಮೊದಲು ಒಂದು ವಿದ್ಯುತ್ ಕಂಪನಿಯ ಹೆಸರಿತ್ತು. 2025ರಲ್ಲಿ ಅದನ್ನು ತೆಗೆದು ಕ್ಯಾಸಿನೋ ಹೆಸರಿಟ್ಟರಂತೆ, ಕೇಳಿ ವೃತ್ತಿಬಾಂಧವನಾಗಿ ನೊಂದುಕೊಂಡೆ. ಆಟ ಶುರುವಾಗುವ ಮುನ್ನ ಒಬ್ಬೊಬ್ಬ ಹುಡುಗನ ಹೆಸರು ಕೂಗುತ್ತಾರೆ. ಅವನು ಹೆಲ್ಮೆಟ್ ಇಲ್ಲದೆ ಜಾರಿಕೊಂಡು ಮುಂದೆ ಬಂದು ಕ್ಯಾಮೆರಾಕ್ಕೆ ತಲೆಗೂದಲು ಝಾಡಿಸುತ್ತಾನೆ. ಇದಕ್ಕಾಗಿಯೇ ಅವರು ಇಡೀ ವರ್ಷ ಕೂದಲು ಬಿಡುತ್ತಾರೆ. ನಮ್ಮವನೂ ಬಿಟ್ಟಿದ್ದ. ಅಜ್ಜಿಗೆ ಹಾಕಿ ಗೊತ್ತಿಲ್ಲ, ಕೂದಲು ಗೊತ್ತು. ಭಾನುವಾರ ಬೆಳಿಗ್ಗೆ ಬೆಚ್ಚಗಿನ ಹರಳೆಣ್ಣೆ ಹಿಡಿದು ಅವನ ಬೆನ್ನು ಹತ್ತುತ್ತಿದ್ದಳು. ಅವನು ರಕ್ಷಣೆಗೆ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ.

ಪಕ್ಕದ ಮನೆಯವರು ಬಾಯಿ ತೆರೆದರೆ ವಾರೋಡ್ ಎಂಬ ಊರಿನ ಮಾತು. ಕೆನಡಾ ಗಡಿಯಲ್ಲಿ ಎರಡು ಸಾವಿರ ಜನವೂ ಇಲ್ಲದ ಊರು. 1960ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಅಲ್ಲಿನ ಅಣ್ಣತಮ್ಮಂದಿರು ಬಿಲ್ ಮತ್ತು ರೋಜರ್ ಕ್ರಿಶ್ಚಿಯನ್. 1980ರಲ್ಲಿ ಚಿನ್ನ ಗೆದ್ದ ತಂಡದಲ್ಲಿ ಬಿಲ್ ಅವರ ಮಗ ಡೇವ್. ನಡುವಿನ ಬಿಡುವಿನಲ್ಲಿ ಹಾಕಿ ಸ್ಟಿಕ್ಕಿನ ಕಾರ್ಖಾನೆಯನ್ನೂ ತೆರೆದ ಮನೆತನ ಅದು. ಸೋವಿಯತ್ ತಂಡವನ್ನು 4-3ರಲ್ಲಿ ಕೆಡವಿದ ಆ 1980ರ ತಂಡದ 20 ಜನರಲ್ಲಿ 12 ಮಂದಿ ಮಿನ್ನೆಸೋಟದವರು, ಕೋಚ್ ಹರ್ಬ್ ಬ್ರೂಕ್ಸ್ ಸೇಂಟ್ ಪಾಲ್‌ನವರು.

ಇಷ್ಟೆಲ್ಲ ಕೇಳಿದ ಮೇಲೆ, “ಹಾಗಾದರೆ ವೃತ್ತಿಪರ ಲೀಗಿನ ಸ್ಟ್ಯಾನ್ಲಿ ಕಪ್ ಎಷ್ಟು ಸಲ ಬಂದಿದೆ ಇಲ್ಲಿಗೆ?” ಎಂದು ವಿಚಾರಿಸಿದೆ. ಅವರು ಪೈಪನ್ನು ಕೆಳಗಿಟ್ಟರು.

ಒಂದು ಸಲವೂ ಬಂದಿಲ್ಲ. 2025ರ ಋತು ಮುಗಿಯುವ ತನಕದ ಲೆಕ್ಕ ಇದು. ನಾರ್ತ್ ಸ್ಟಾರ್ಸ್ ಎಂಬ ತಂಡವಿತ್ತು. 1981ರಲ್ಲಿ ಫೈನಲ್ ಸೋತಿತು, 1991ರಲ್ಲಿ ಮತ್ತೆ ಸೋತಿತು, 1993ರಲ್ಲಿ ಮಾಲೀಕ ಅದನ್ನು ಕಟ್ಟಿಕೊಂಡು ಟೆಕ್ಸಾಸಿನ ಡಲ್ಲಾಸಿಗೆ ಹೊರಟ. ನಾರ್ತ್ ಅನ್ನು ಇಲ್ಲೇ ಬಿಟ್ಟು ಸ್ಟಾರ್ಸ್ ಅನ್ನು ಮಾತ್ರ ಒಯ್ದ. ಒಯ್ದದ್ದು ಒಯ್ದ, 1999ರಲ್ಲಿ ಅದೇ ತಂಡ ಅಲ್ಲಿ ಕಪ್ ಗೆದ್ದಿತು. ಮಿನ್ನೆಸೋಟಕ್ಕೆ 2000ದಲ್ಲಿ ವೈಲ್ಡ್ ಎಂಬ ಹೊಸ ತಂಡ ಬಂತು. ಕಪ್ ಮಾತ್ರ ಬಿಸಿಲಿನ ದಿಕ್ಕನ್ನೇ ಹಿಡಿದಿತ್ತು. ಉತ್ತರ ಕೆರೊಲಿನಾಕ್ಕೆ 2006ರಲ್ಲಿ, ಡಿಸ್ನಿ ಕಂಪನಿ ಹುಟ್ಟುಹಾಕಿದ್ದ ಅನಾಹೈಮ್‌ನ ಬಾತುಕೋಳಿ ತಂಡಕ್ಕೆ 2007ರಲ್ಲಿ, ಲಾಸ್ ಏಂಜಲೀಸ್‌ಗೆ 2012 ಮತ್ತು 2014ರಲ್ಲಿ. ಮರುಭೂಮಿಯ ಲಾಸ್ ವೇಗಸ್ 2017ರಲ್ಲಿ ತಂಡ ಕಟ್ಟಿ 2023ರಲ್ಲಿ ಗೆದ್ದೇಬಿಟ್ಟಿತು. ಫ್ಲಾರಿಡಾದ ಮಾತೆತ್ತಿದರೆ ನೆರೆಯವರ ಮುಖ ನೋಡಲಾಗುತ್ತಿರಲಿಲ್ಲ. ಟ್ಯಾಂಪಾಕ್ಕೆ 2004, 2020, 2021. ಅದೇ ರಾಜ್ಯದ ಪ್ಯಾಂಥರ್ಸ್‌ಗೆ 2024, 2025. “ಅವರಿಗೆ ಐಸ್ ಅಂದರೆ ಗ್ಲಾಸಿನಲ್ಲಿ ಹಾಕೋದು” ಎಂದರು. ಮಾತಿನಲ್ಲಿ ವಿಷವಿತ್ತು.

ಪ್ಯಾಂಥರ್ಸ್ ಕಥೆ ನನಗೆ ಬಹಳ ಹಿಡಿಸಿತು. 1995ರಲ್ಲಿ ಸ್ಕಾಟ್ ಮೆಲನ್‌ಬಿ ಎಂಬ ಆಟಗಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ಓಡುತ್ತಿದ್ದ ಇಲಿಯನ್ನು ಹಾಕಿ ಸ್ಟಿಕ್ಕಿನಿಂದಲೇ ಗೋಡೆಗೆ ಬಾರಿಸಿ ಕೊಂದ. ಅದೇ ಸ್ಟಿಕ್ಕಿನಲ್ಲಿ ಅಂದು ಎರಡು ಗೋಲು ಹೊಡೆದ. ಆಮೇಲೆ ಪ್ರತಿ ಗೋಲಿಗೂ ಜನ ಪ್ಲಾಸ್ಟಿಕ್ ಇಲಿಗಳನ್ನು ಸಾವಿರಗಟ್ಟಲೆ ಐಸಿನ ಮೇಲೆ ಎಸೆಯತೊಡಗಿದರು. ಕೊನೆಗೆ ಅದನ್ನು ತಡೆಯಲು ಲೀಗ್‌ನವರು ನಿಯಮವನ್ನೇ ಮಾಡಬೇಕಾಯಿತು. ಡೆಟ್ರಾಯಿಟ್‌ನಲ್ಲಿ 1952ರಿಂದ ನಿಜವಾದ ಆಕ್ಟೋಪಸ್ ಎಸೆಯುತ್ತಾರೆ ಎಂಬುದನ್ನು ಮಾತ್ರ ನಮ್ಮಾಕೆಗೆ ಹೇಳಲಿಲ್ಲ. ಬಾಣಂತಿಯಿರುವ ಮನೆ.

ನೆರೆಯವರ ಸಂಕಟಕ್ಕೆ ತಲೆಯಾಡಿಸುತ್ತಿದ್ದೆನಾದರೂ ನನ್ನ ಮನಸ್ಸು ಗುಟ್ಟಾಗಿ ಬಿಸಿಲೂರಿನ ಕಡೆಗಿತ್ತು. ಮಿನ್ನೆಸೋಟದ ಐಸು ದೇವರ ಸಪ್ಲೈ. ಫ್ಲಾರಿಡಾದ್ದು ನಮ್ಮ ಇಲಾಖೆಯದು. ಕಾಂಕ್ರೀಟ್ ನೆಲದೊಳಗೆ ಮೈಲಿಗಟ್ಟಲೆ ಕೊಳವೆ, ಅದರಲ್ಲಿ ಸೊನ್ನೆಗಿಂತ ತಣ್ಣಗಾದರೂ ಹೆಪ್ಪುಗಟ್ಟದ ದ್ರಾವಣ ಹಗಲೂರಾತ್ರಿ ಹರಿಯಬೇಕು. ಅದರ ಮೇಲೆ ಒಂದು ಇಂಚಿನಷ್ಟು ಐಸು. ಗಾಳಿಯ ತೇವವನ್ನೂ ಹಿಂಡಬೇಕು, ಇಲ್ಲದಿದ್ದರೆ ಮಂಜು ಏಳುತ್ತದೆ. 1975ರ ಮೇ ತಿಂಗಳಲ್ಲಿ ಬಫಲೊದಲ್ಲಿ ಎದ್ದೇ ಎದ್ದಿತು. ಫೈನಲ್ ಪಂದ್ಯ, ಕ್ರೀಡಾಂಗಣಕ್ಕೆ ಏಸಿ ಇಲ್ಲ. ಮಂಜು ಚದುರಿಸಲು ಆಟಗಾರರೇ ಆಟ ನಿಲ್ಲಿಸಿ ಗಿರಗಿರನೆ ಸುತ್ತಬೇಕಾಯಿತು. ಲಾಸ್ ವೇಗಸ್‌ನವರು 1991ರ ಸೆಪ್ಟೆಂಬರಿನಲ್ಲಿ ಒಂದು ಕ್ಯಾಸಿನೋದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ, ಬಯಲಲ್ಲೇ ಪಂದ್ಯ ಆಡಿಸಿದರು. ದೀಪಕ್ಕೆ ಮುತ್ತಿದ ಮಿಡತೆಗಳು ಐಸಿನ ಮೇಲೆ ಬಿದ್ದು ಅಂಟಿಕೊಂಡವು. ಮನುಷ್ಯ ಪ್ರಕೃತಿಯನ್ನು ಮೀರಲು ಹೊರಟಾಗ ಹೀಗೇ, ಎಲ್ಲ ಲೆಕ್ಕವೂ ಸರಿಯಿರುತ್ತದೆ, ಮಿಡತೆಯೊಂದು ಬಿಟ್ಟುಹೋಗಿರುತ್ತದೆ.

ರಿಂಕನ್ನು ನುಣುಪು ಮಾಡುವ ಝಾಂಬೋನಿ ಯಂತ್ರ ಹುಟ್ಟಿದ್ದೂ ಕ್ಯಾಲಿಫೋರ್ನಿಯಾದ ಬಿಸಿಲಲ್ಲೇ. ಫ್ರ್ಯಾಂಕ್ ಝಾಂಬೋನಿ ಐಸ್‌ಗಡ್ಡೆ ಮಾರುತ್ತಿದ್ದವರು. ಮನೆಮನೆಗೆ ಫ್ರಿಜ್ ಬರುವ ಸೂಚನೆ ಕಂಡಾಗ ತಮ್ಮನ ಜೊತೆ ಸೇರಿ 1940ರಲ್ಲಿ ಸ್ಕೇಟಿಂಗ್ ರಿಂಕು ತೆರೆದರು. ಕೆರೆದು, ತೊಳೆದು, ಮತ್ತೆ ಹೆಪ್ಪುಗಟ್ಟಿಸಲು ಮೂರ್ನಾಲ್ಕು ಆಳಿಗೆ ಒಂದು ಗಂಟೆಗೂ ಮೀರಿ ಹಿಡಿಯುತ್ತಿತ್ತು. ತಲೆ ಕೆಡಿಸಿಕೊಂಡು 1949ರಲ್ಲಿ ಯಂತ್ರ ಮಾಡಿದರು. ಮಿನ್ನೆಸೋಟದವರು ಇಂಥದ್ದನ್ನು ಯಾಕೆ ಕಂಡುಹಿಡಿಯಲಿಲ್ಲ ಎಂದರೆ, ಅವರಿಗೆ ಐಸಿನ ಬೆಲೆ ಗೊತ್ತಿರಲಿಲ್ಲ. ಇದನ್ನು ಪಕ್ಕದ ಮನೆಯವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಯಂತ್ರವಿದ್ದ ಮಾತ್ರಕ್ಕೆ ಆಟ ಬೇರು ಬಿಡುವುದಿಲ್ಲ ಅನ್ನಿ. ಅಟ್ಲಾಂಟಾ ಎರಡು ತಂಡ ಕಟ್ಟಿ ಎರಡನ್ನೂ ಕೆನಡಾಕ್ಕೆ ಕಳೆದುಕೊಂಡಿತು. ಅರಿಝೋನಾದ ತಂಡ 2024ರಲ್ಲಿ ಯೂಟಾಕ್ಕೆ ಗಂಟುಮೂಟೆ ಕಟ್ಟಿತು. ಆದರೆ ಅದೇ ತಂಡದ ಆಟ ನೋಡುತ್ತ ಬೆಳೆದ ಅರಿಝೋನಾದ ಹುಡುಗ ಆಸ್ಟನ್ ಮ್ಯಾಥ್ಯೂಸ್ 2016ರಲ್ಲಿ ಲೀಗ್‌ಗೇ ಮೊದಲ ಆಯ್ಕೆಯಾದ. ಚಳಿ ತಾಳಲಾರದೆ ದಕ್ಷಿಣಕ್ಕೆ ಇಳಿದ ಉತ್ತರದವರು ಎಲ್ಲ ಬಿಟ್ಟರೂ ಆಟದ ಚಟ ಬಿಡಲಿಲ್ಲ. ಡಲ್ಲಾಸಿನ ತಂಡ ಸುತ್ತಲ ಊರುಗಳಲ್ಲಿ ಮಕ್ಕಳಿಗೆಂದು ರಿಂಕುಗಳನ್ನೇ ತೆರೆಯಿತು.

“ಕಪ್ ಬಂದಿಲ್ಲ ಅಂತ ಯಾರಂದದ್ದು?” ಎಂದು ಒಂದು ಸಂಜೆ ನೆರೆಯವರ ಮೊಮ್ಮಗಳು ಜಗಳಕ್ಕೇ ಬಂದಳು. ಹೈಸ್ಕೂಲ್ ತಂಡದ ಗೋಲ್‌ಕೀಪರ್ ಅವಳು. ಹೆಣ್ಣುಮಕ್ಕಳ ಹಾಕಿಗೆ ಶಾಲೆಗಳಲ್ಲಿ ಮೊದಲು ಅಧಿಕೃತ ಮಾನ್ಯತೆ ಕೊಟ್ಟ ರಾಜ್ಯ ಮಿನ್ನೆಸೋಟವೇ, 1994ರಲ್ಲಿ. ಹೆಂಗಸರ ಈಗಿನ ವೃತ್ತಿಪರ ಲೀಗ್ ಶುರುವಾದ ಮೇಲೆ ಮೊದಲ ಎರಡು ಕಪ್, 2024 ಮತ್ತು 2025ರವು, ಮಿನ್ನೆಸೋಟಕ್ಕೇ ಬಂದವು. ಅಜ್ಜ ಇದನ್ನು ಒಪ್ಪಿದರು, ಆದರೆ ಒಪ್ಪುವಾಗ ಹಿತ್ತಲ ಕಡೆ ನೋಡುತ್ತಿದ್ದರು. ಅವಳು ಪಕ್ ಎಂಬ ಆಟದ ಬಿಲ್ಲೆ ತೆಗೆದು ಅವರ ಕಾಲಬುಡಕ್ಕೇ ಬಾರಿಸಿದಳು.

ಮಾರ್ಚ್‌ನಲ್ಲಿ ಅಳಿಯಂದಿರಿಗೆ ಡಲ್ಲಾಸಿಗೆ ವರ್ಗವಾಯಿತು. ಮನೆ ಹುಡುಕಿದ್ದು ಫ್ರಿಸ್ಕೊದಲ್ಲಿ. ಡಲ್ಲಾಸ್ ಸ್ಟಾರ್ಸ್‌ನವರು ಅಭ್ಯಾಸ ಮಾಡುವ ರಿಂಕು ಇರುವುದೂ ಅದೇ ಊರಿನಲ್ಲಿ. ಮೊಮ್ಮಗ ಕುಣಿದಾಡಿದ. ಈ ಸುದ್ದಿಯನ್ನು ಪಕ್ಕದ ಮನೆಗೆ ಮುಟ್ಟಿಸುವ ಕೆಲಸ ಎಲ್ಲರೂ ಸೇರಿ ನನಗೆ ಹೊರಿಸಿದರು.

ಕೇಳಿ ಅವರು ಕೂಗಾಡಲಿಲ್ಲ. “ಇಲ್ಲಿ ಬೆಳೆಸಿ ಡಲ್ಲಾಸಿಗೆ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ” ಎಂದಷ್ಟೇ ಅಂದರು. ಒಳಗೆ ಹೋಗಿ ವೈಲ್ಡ್ ತಂಡದ ಹಸಿರು ಜರ್ಸಿಯೊಂದನ್ನು ತಂದು ಹುಡುಗನಿಗೆ ಕೊಟ್ಟರು. ಅಲ್ಲಿನ ರಿಂಕಿಗೆ ಇದನ್ನೇ ತೊಟ್ಟು ಹೋಗಬೇಕೆಂದು ಮಾತು ತೆಗೆದುಕೊಂಡರು.

ಅವನು ತೊಟ್ಟು ನೋಡಿ, ತೋಳು ಮಡಚಿಕೊಂಡು, ವ್ಯವಹಾರದ ಧಾಟಿಯಲ್ಲಿ ಕೇಳಿದ. “ಡಲ್ಲಾಸ್‌ನವರು ಮತ್ತೆ ಕಪ್ ಗೆದ್ದರೆ ಏನು ಮಾಡಲಿ?”

“ಜರ್ಸಿ ನಿನ್ನದೇ, ಇಟ್ಟುಕೋ” ಎಂದರು ಅವರು. “ಅವತ್ತು ನನಗೆ ಫೋನ್ ಮಾತ್ರ ಮಾಡಬೇಡ.”